ಒಳಗೆ ಬಿಟ್ಟ ಎರಡು ಇಂಚು

ಮನುಷ್ಯ ಬೆಳಿಗ್ಗೆ ಎದ್ದ ಹೊತ್ತಿನಲ್ಲಿ ಒಂದು ಬೆರಳಿನಷ್ಟು ಹೆಚ್ಚು ಎತ್ತರ ಇರುತ್ತಾನೆ, ಹೊತ್ತೇರಿದಂತೆ ಕುಗ್ಗುತ್ತಾ ಬರುತ್ತಾನೆ ಎಂದು ಟೈಲರ್ ಎಲ್ಲೋ ಓದಿದ್ದ, ಇಲ್ಲವೇ ಯಾರೋ ಗಿರಾಕಿ ಹೇಳಿದ್ದ. ಅದಕ್ಕೇ ಇವತ್ತು ಎದ್ದವನು ಎಲ್ಲೂ ಕೂರಲಿಲ್ಲ. ನಿಂತೇ ಶೇವ್ ಮಾಡಿಕೊಂಡ, ನಿಂತೇ ಟೀ ಕುಡಿದ, ಬಸ್ಸಿನಲ್ಲಿ ಮೂರು ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತ. ಕಿಟಕಿಯ ಪಕ್ಕ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮಗಳು, ‘ಕೂತ್ಕೋ ಅಪ್ಪ’ ಎಂದಳು. ‘ಇರ್ಲಿ ಬಿಡು, ದಿನಾ ಮಷಿನ್ ಮುಂದೆ ಕೂತು ಕೂತು ಸಾಕಾಗಿದೆ’ ಎಂದ. ಮಾತು ನಿಜವೇ, ಆದರೆ ಹೇಳಿದ ಕಾರಣ ನಿಜವಲ್ಲ. ರಸ್ತೆಯ ಗುಂಡಿಗಳಲ್ಲಿ ಬಸ್ಸು ಎಗರಿದಾಗಲೆಲ್ಲ, ರಾತ್ರಿಯಿಡೀ ಬೆನ್ನು ಚಾಚಿ ಮಲಗಿ ಗಳಿಸಿದ್ದೆಲ್ಲ ಉದುರಿಹೋಗುತ್ತಿದೆ ಎನ್ನಿಸಿ ಡ್ರೈವರನ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು. ನಲವತ್ತೇಳು ವಯಸ್ಸಿನ ಗಂಡಸು, ಹತ್ತು ಜನಕ್ಕೆ ಬುದ್ಧಿ ಹೇಳುವವನು, ಅರ್ಧ ಸೆಂಟಿಮೀಟರಿಗಾಗಿ ಬಸ್ಸಿನ ಕಂಬಿಗೆ ಜೋತುಬಿದ್ದಿದ್ದಾನಲ್ಲ ಎಂದು ತನಗೇ ಅನ್ನಿಸಿತು. ಅನ್ನಿಸಿದರೂ ಕೂರಲಿಲ್ಲ.

ಹೋಗುತ್ತಿದ್ದುದು ಮಗಳ ಕ್ರೀಡಾಶಾಲೆಗೆ. ಅಲ್ಲೇ ಅವಳ ಓದು, ಅಲ್ಲೇ ವಾಲಿಬಾಲು, ಎರಡು ವರ್ಷವಾಯಿತು. ಸೇರಿಸುವಾಗ ಕೊಟ್ಟ ಅರ್ಜಿಯಲ್ಲಿ ಮಗುವಿನ ಎತ್ತರ, ತೂಕಗಳ ಕೆಳಗೆ ತಂದೆಯ ಎತ್ತರ, ತಾಯಿಯ ಎತ್ತರ ಎಂದು ಎರಡು ಗೆರೆ ಇದ್ದವು. ಇದೆಲ್ಲ ಸೇರಿಸಿ ಲೆಕ್ಕ ಹಾಕಿದರೆ ಮಗು ಪೂರ್ತಿ ಬೆಳೆದ ಮೇಲೆ ಎಷ್ಟು ಎತ್ತರ ಆಗುತ್ತದೆ ಎನ್ನುವುದು ಗೊತ್ತಾಗುತ್ತದಂತೆ. ನೆಟ್ಟಿನ ಮುಂದೆ ನಿಂತು ಸ್ಮ್ಯಾಷ್ ಹೊಡೆಯುವ ಹುಡುಗಿಯರಿಗೆ ಆ ಲೆಕ್ಕ ನೂರ ಅರವತ್ತೆಂಟು ದಾಟಬೇಕು. ದಾಟದಿದ್ದರೆ ತಂಡದ ಪಟ್ಟಿಯಲ್ಲಿ ಹೆಸರಿಲ್ಲ, ಪಟ್ಟಿಯಲ್ಲಿಲ್ಲದವರಿಗೆ ಶಾಲೆಯಲ್ಲೂ ಜಾಗವಿಲ್ಲ. ಅಂದು ಅಂಗಡಿಯ ಕತ್ತರಿಸುವ ಮೇಜಿನ ಮೇಲೆ ಅರ್ಜಿ ಹರಡಿಕೊಂಡು ಮಗಳು ತನ್ನ ಗುಂಡು ಗುಂಡು ಅಕ್ಷರದಲ್ಲಿ ತುಂಬುತ್ತಿದ್ದಳು. ‘ಅಪ್ಪ, ನಿನ್ನ ಎತ್ತರ?’ ಎಂದು ಕೇಳಿದಳು. ಇವನು ಕಾಜಾ ಹೊಲಿಯುತ್ತಿದ್ದವನು ತಲೆ ಎತ್ತದೆ ‘ನೂರ ಎಪ್ಪತ್ತು’ ಎಂದ. ಕೊರಳಿಗೆ ಟೇಪು ನೇತುಹಾಕಿಕೊಂಡೇ ಹೇಳಿದ. ಅವಳು ಪೆನ್ನು ಹಿಡಿದು ಒಮ್ಮೆ ಆ ಟೇಪಿನ ಕಡೆ ನೋಡಿ, ಆಮೇಲೆ ಬರೆದಳು. ಹೋದ ತಿಂಗಳು ಹೊಸದಾಗಿ ಬಂದ ಅಳತೆ ಮೇಡಂ ಹಳೆಯ ಅರ್ಜಿಗಳನ್ನೆಲ್ಲ ತೆಗೆಸಿ, ಬಾಯಿಮಾತಿನ ಎತ್ತರ ನಡೆಯುವುದಿಲ್ಲ, ತಂದೆ ತಾಯಿ ಇಬ್ಬರೂ ಖುದ್ದಾಗಿ ಬಂದು ಅಳೆಸಿಕೊಳ್ಳಬೇಕು ಎಂದು ಚೀಟಿ ಕಳಿಸಿದ್ದಳು. ಆಸ್ಪತ್ರೆಯಲ್ಲಿ ಆಯಾ ಆಗಿರುವ ಹೆಂಡತಿ ಹೋದ ಸೋಮವಾರವೇ ಡ್ಯೂಟಿಗೆ ಹೋಗುವ ದಾರಿಯಲ್ಲಿ ಹೋಗಿ ನಿಂತು ಬಂದಿದ್ದಳು. ‘ಅದೇನು ಮಹಾ, ಎರಡು ನಿಮಿಷದ ಕೆಲಸ, ಹೋಗ್ಬನ್ನಿ ರೀ’ ಎಂದಿದ್ದಳು. ಅವಳಿಗೇನು, ಅವಳು ಇವನಿಗಿಂತ ಮೂರು ಬೆರಳು ಎತ್ತರ.

ಆ ಮೂರು ಬೆರಳು ಇವನ ಬಾಳಿನಲ್ಲಿ ಎಲ್ಲೆಲ್ಲಿ ನುಗ್ಗಿ ಕೂತಿದ್ದವು ಎಂದು ಲೆಕ್ಕ ಹಾಕಿದವರಿಲ್ಲ. ಮದುವೆಯ ಫೋಟೋ ತೆಗೆದವನು ಇಬ್ಬರನ್ನೂ ಒಮ್ಮೆ ನೋಡಿ, ಏನೂ ಹೇಳದೆ ಹೆಣ್ಣನ್ನು ಕುರ್ಚಿಯಲ್ಲಿ ಕೂರಿಸಿ ಗಂಡನ್ನು ಪಕ್ಕದಲ್ಲಿ ನಿಲ್ಲಿಸಿದ. ಆ ‘ಏನೂ ಹೇಳದೆ’ ಎನ್ನುವುದೇ ಇವತ್ತಿಗೂ ಉರಿಯುತ್ತದೆ. ಶಾಲೆಯಲ್ಲಿ ಪ್ರಾರ್ಥನೆಯ ಸಾಲಿಗೆ ಹತ್ತು ವರ್ಷ ಇವನೇ ಮೊದಲಿಗ. ಮುಂದೆ ನಿಂತವನ ಕತ್ತು ನೋಡುವ ಭಾಗ್ಯ ಒಂದು ದಿನವೂ ಬರಲಿಲ್ಲ. ‘ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು’ ಎಂದು ಬೆನ್ನು ತಟ್ಟಿದವರೆಷ್ಟು ಮಂದಿ! ತಟ್ಟುವವರೆಲ್ಲ ಉದ್ದದವರೇ. ಕೀರ್ತಿ ದೊಡ್ಡದೇ ಆಗಿತ್ತು, ಅದು ಬೇರೆ ವಿಷಯ. ಇವನು ಹೊಲಿದ ಕೋಟಿನ ಹೆಗಲು ಕೂತಂತೆ ಊರಲ್ಲಿ ಇನ್ನೊಬ್ಬರದು ಕೂರುವುದಿಲ್ಲ. ಟೇಪು ಸೊಂಟಕ್ಕೆ ಬಂದಾಗ ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಯನ್ನು ಬೇರೆ ಮಾತಿಗೆಳೆದು, ಅವನು ಉಸಿರು ಬಿಟ್ಟ ಕ್ಷಣದಲ್ಲಿ ಅಳತೆ ಹಿಡಿದು, ನಿಜವಾದ ಅಂಕಿಯನ್ನೇ ಬರೆದುಕೊಳ್ಳುತ್ತಿದ್ದ. ‘ಮೈ ಸುಳ್ಳು ಹೇಳಲ್ಲ, ಮೈ ಹೊತ್ತವನು ಹೇಳ್ತಾನೆ’ ಎನ್ನುವುದು ಅಂಗಡಿಯಲ್ಲಿ ಅವನ ದಿನದ ಮಾತು. ಇಷ್ಟೆಲ್ಲ ಇದ್ದೂ ಇಪ್ಪತ್ತೈದು ವರ್ಷದಲ್ಲಿ ಒಬ್ಬರೂ ಅವನ ಮೈಗೆ ಟೇಪು ಹಿಡಿದಿರಲಿಲ್ಲ. ತನ್ನ ಪ್ಯಾಂಟನ್ನು ತಾನೇ ಅಂದಾಜಿನಲ್ಲಿ ಕತ್ತರಿಸಿಕೊಳ್ಳುತ್ತಿದ್ದ, ಬೂಟನ್ನು ಮಾತ್ರ ಅಂಗಡಿ ಅಂಗಡಿ ತಿರುಗಿ ದಪ್ಪ ಅಟ್ಟೆಯದನ್ನೇ ಹುಡುಕಿ ತರುತ್ತಿದ್ದ.

ನೂರ ಎಪ್ಪತ್ತು ಎಂದದ್ದು ಜಂಬಕ್ಕೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೇಳಿದ ಮೇಲೆ ಅದಕ್ಕೊಂದು ಒಳ್ಳೆಯ ಕಾರಣವನ್ನೂ ಹೊಲಿದುಕೊಂಡಿದ್ದ. ಮಕ್ಕಳ ಬಟ್ಟೆ ಹೊಲಿಯುವಾಗ ಯಾರೂ ಕೇಳದಿದ್ದರೂ ಅಂಚಿನಲ್ಲಿ ಎರಡು ಇಂಚು ಬಟ್ಟೆ ಒಳಗೆ ಮಡಚಿ ಬಿಡುತ್ತಾನೆ. ಬೆಳೆಯುವ ಮೈ, ಬಿಚ್ಚಿಕೊಳ್ಳಲಿ. ಹಾಗೆ ಅರ್ಜಿಯಲ್ಲೂ ಸ್ವಲ್ಪ ಬಿಟ್ಟೆ, ಅದರಲ್ಲೇನು ತಪ್ಪು? ಕೂಸು ಆಗ ಹನ್ನೆರಡರದು, ಗಿಡದ ಹಾಗೆ ಏಳುತ್ತಿತ್ತು, ತಿಂಗಳಿಗೊಂದು ಸಲ ಪ್ಯಾಂಟಿನ ಅಂಚು ಬಿಚ್ಚುವ ಸಂಭ್ರಮ. ಲೆಕ್ಕ ಹಾಕಿದಾಗ ನೂರ ಅರವತ್ತೆಂಟೂವರೆ ಬಂದಿತು, ಗೆರೆಯ ಮೇಲೆ ಕೂದಲೆಳೆಯಷ್ಟು. ದೊಡ್ಡ ಸೀಟಿ, ಅಂದರೆ ಮಕ್ಕಳು ತಮ್ಮ ಕೋಚಿಗೆ ಇಟ್ಟ ಹೆಸರು, ಇವಳ ತಲೆ ಮುಟ್ಟಿ ‘ನೀನಿನ್ನೂ ಬೆಳೀತೀಯ, ಕಾಯಿ’ ಎಂದಿದ್ದರು. ಅಂದಿನಿಂದ ಅವಳು ಕಾದಳು. ಒಂಬತ್ತು ಗಂಟೆಗೆಲ್ಲ ಮಲಗಿದಳು, ಬೇಡವೆನ್ನಿಸಿದರೂ ಎರಡು ಲೋಟ ಹಾಲು ಕುಡಿದಳು, ಬಾಗಿಲ ಮೇಲೆ ಇವನೇ ಹೊಡೆದುಕೊಟ್ಟ ಸಲಾಕೆಗೆ ದಿನವೂ ಜೋತುಬಿದ್ದಳು. ತಿಂಗಳ ಮೊದಲ ದಿನ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು ‘ಗೆರೆ ಹಾಕು ಅಪ್ಪ’ ಎನ್ನುತ್ತಿದ್ದಳು. ಇವನು ಅಂಗಡಿಯ ನೀಲಿ ಸುಣ್ಣದ ಬಿಲ್ಲೆಯಿಂದ ತಲೆಯ ಮೇಲೆ ಗೆರೆ ಎಳೆಯುತ್ತಿದ್ದ. ಕಳೆದ ಎಂಟು ಗೆರೆಗಳು ಒಂದರ ಮೇಲೊಂದು ಬಿದ್ದು ಒಂದೇ ದಪ್ಪ ಗೆರೆಯಾಗಿದ್ದವು. ಕೊನೆಯ ಎರಡು ಸಲ ಅವನು ಬಿಲ್ಲೆಯನ್ನು ಚೂರು ಮೇಲಕ್ಕೆ ಓರೆಮಾಡಿ ಹಿಡಿದಿದ್ದ. ಅವಳು ತಿರುಗಿ ನೋಡಿ ‘ಬಂದಿದೆ ಅಲ್ವಾ ಅಪ್ಪ, ಸ್ವಲ್ಪ ಬಂದಿದೆ’ ಎಂದಾಗ ‘ಹೂಂ, ಬಂದಿದೆ’ ಎಂದಿದ್ದ.

ಅವನಿಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ಯಾವ ಲೆಕ್ಕದ ಯಂತ್ರವೂ ಬೇಕಿರಲಿಲ್ಲ. ಎಂಟು ತಿಂಗಳಿಂದ ಮಗಳ ಒಳಗಾಲಿನ ಉದ್ದ ಒಂದು ನೂಲೂ ಕದಲಿರಲಿಲ್ಲ. ಬದಲಿಗೆ ಹೆಗಲು ಅಗಲವಾಗಿತ್ತು, ಮೀನಖಂಡ ಗಟ್ಟಿಯಾಗಿತ್ತು, ತೊಡೆಯ ಸುತ್ತಳತೆಗೆಂದು ಎರಡು ಸಲ ಹೊಲಿಗೆ ಬಿಚ್ಚಿ ಅಗಲ ಮಾಡಿದ್ದ. ತೂಕ ಐದು ಕಿಲೋ ಏರಿದೆ ಎಂದು ಅವಳು ಅಳುಮೋರೆ ಮಾಡಿಕೊಂಡು ಬಂದ ದಿನ, ‘ಹುಚ್ಚಿ, ಅದು ಕೊಬ್ಬಲ್ಲ, ಮುಟ್ಟಿ ನೋಡ್ಕೋ, ಕಲ್ಲಿದ್ದ ಹಾಗಿದೆ’ ಎಂದು ಬೈದಿದ್ದ. ಅವಳ ಬೆನ್ನಿಗೆ ಟೇಪು ಹಿಡಿದಾಗ ಎಂಥ ಹೆಮ್ಮೆ ಬರುತ್ತಿತ್ತು ಎಂದರೆ, ಇಂಥ ಹೆಗಲಿಗೆ ಹೊಲಿಯುವುದಕ್ಕೇ ತಾನು ಕತ್ತರಿ ಹಿಡಿದೆನೇನೋ ಎನ್ನಿಸುತ್ತಿತ್ತು. ಹೆಣ್ಣಿನ ಮೈ ತನ್ನ ಕೆಲಸ ಮುಗಿಸಿಕೊಂಡು, ಇಗೋ ಇಷ್ಟು, ಇನ್ನು ಆಡಿಕೋ ಹೋಗು ಎಂದು ಹೇಳುತ್ತಿತ್ತು. ಅದನ್ನು ಕೇಳಿಸಿಕೊಂಡವನು ಇವನೊಬ್ಬನೇ. ಕೇಳಿಯೂ ಬಾಯಿ ಬಿಡಲಿಲ್ಲ, ಬಾಯಿ ಬಿಟ್ಟರೆ ನೂರ ಎಪ್ಪತ್ತರ ಬುಡಕ್ಕೆ ಬರುತ್ತಿತ್ತು.

ಅಳತೆಯ ಕೋಣೆಯ ಹೊರಗೆ ಅಪ್ಪ ಅಮ್ಮಂದಿರ ಸಾಲು ಆಗಲೇ ಬೆಳೆದಿತ್ತು. ಎಲ್ಲರೂ ಚಪ್ಪಲಿ ಬೂಟು ಬಿಚ್ಚಿ ಗೋಡೆಯ ಬದಿಗೆ ಇಟ್ಟಿದ್ದರು. ಟೈಲರ್ ತನ್ನ ಬೂಟು ಬಿಚ್ಚಿದಾಗ ನೆಲ ಇದ್ದಕ್ಕಿದ್ದಂತೆ ಹತ್ತಿರ ಬಂತು. ಮುಂದೆ ನಿಂತಿದ್ದವನು ಫೈರ್ ಇಂಜಿನ್ ಓಡಿಸುವವನು, ಬಾಗಿಲಿಗೆ ತಲೆ ಬಗ್ಗಿಸಬೇಕಾದಂಥ ಆಳು. ಇವನ ಬೂಟಿನ ಅಟ್ಟೆಯನ್ನೊಮ್ಮೆ, ಇವನನ್ನೊಮ್ಮೆ ನೋಡಿ, ‘ಒಳ್ಳೆ ಮಾಲು ಸಾರ್, ಎಲ್ಲಿ ತಗೊಂಡ್ರಿ?’ ಎಂದ. ನಿಜವಾಗಿಯೇ ಕೇಳಿದನೋ ಕಿಚಾಯಿಸಿದನೋ ತಿಳಿಯದೆ, ‘ಸಂತೇಲಿ’ ಎಂದು ಇವನು ಮುಖ ತಿರುಗಿಸಿದ. ಒಳಗೆ ನಡೆಯುತ್ತಿದ್ದ ಪದ್ಧತಿ ಹೊರಗೆ ಕಿವಿಗೆ ಬೀಳುತ್ತಿತ್ತು. ಅಳತೆ ಮೇಡಂ ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಾಳೆ. ಮೇಜಿನ ಬಳಿ ಕೂತ ಗುಮಾಸ್ತೆ ಅದನ್ನೇ ತಿರುಗಿ ಕೂಗಿ ಬರೆದುಕೊಳ್ಳುತ್ತಾಳೆ. ತಪ್ಪಾಗಬಾರದೆಂದು ಹಾಗೆ. ಒಬ್ಬೊಬ್ಬರನ್ನೂ ಎರಡೆರಡು ಸಲ ಅಳೆಯುತ್ತಾರೆ, ಅಂದರೆ ಒಬ್ಬೊಬ್ಬರ ಮಾನ ನಾಲ್ಕು ಸಲ ಕೂಗಿಸಿಕೊಳ್ಳುತ್ತದೆ. ‘ನೂರ ಎಂಬತ್ತಾರು ಪಾಯಿಂಟ್ ಒಂದು’ ಎಂದು ಫೈರ್ ಇಂಜಿನ್ನಿನದು ಕೂಗಿದಾಗ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಮಗಳು ಇವನ ಪಕ್ಕಕ್ಕೆ ಬಂದು, ಇವನ ಕಾಲರ್ ಸರಿಮಾಡಿ, ಜೊತೆಯಲ್ಲೇ ಒಳಗೆ ನಡೆದಳು.

ಗೋಡೆಗೆ ಬಡಿದ ಅಳತೆಪಟ್ಟಿ, ಮೇಲಿಂದ ಜಾರಿ ಬರುವ ಹಲಗೆ. ಮೇಡಂ ಚಿಕ್ಕ ವಯಸ್ಸಿನವಳು, ಬೆರಳುಗಳು ತಣ್ಣಗಿದ್ದವು. ಗದ್ದವನ್ನು ಹಗುರಾಗಿ ಎತ್ತಿ ‘ನೇರ ನೋಡಿ, ಉಸಿರು ಎಳ್ಕೊಳ್ಳಿ’ ಎಂದಳು. ನೇರ ನೋಡಿ ಎಂದು ತಾನು ಸಾವಿರ ಜನಕ್ಕೆ ಹೇಳಿದ್ದನ್ನೇ ಇವತ್ತು ಯಾರೋ ತನಗೆ ಹೇಳುತ್ತಿದ್ದಾರೆ, ಅದರಲ್ಲೂ ಕೆಲಸ ಬಲ್ಲ ಕೈ, ಒಪ್ಪಬೇಕು ಎಂದುಕೊಂಡ. ಉಸಿರೆಳೆದುಕೊಂಡ. ಎಳೆದುಕೊಂಡಾಗ ಎದೆ ಏರಿತು, ಎದೆಯ ಹಿಂದೆ ಬೆನ್ನು ಏರಿತು, ಬೆನ್ನಿನ ಹಿಂದೆಯೇ ಕಾಲೂ. ಹಿಮ್ಮಡಿ ನೆಲದಿಂದ ಒಂದು ಕಾಗದ ತೂರುವಷ್ಟು ಎದ್ದಿತು, ಆಮೇಲೆ ಒಂದು ಬೆರಳು. ಪ್ಯಾಂಟಿನ ಅಂಚು ಅದನ್ನು ಮುಚ್ಚಿಕೊಂಡಿತ್ತು; ಉದ್ದ ಬಿಟ್ಟು ಹೊಲಿದವನು ತಾನೇ. ಮೇಡಂ ಕಣ್ಣು ಮೇಲೆ ಹಲಗೆಯ ಮೇಲಿತ್ತು. ಇನ್ನರ್ಧ ನಿಮಿಷ, ಅಷ್ಟೇ ಸಾಕು, ಮಗಳ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ, ದೇವರೇ ಉಳಿಸಿಬಿಡು.

‘ಅಪ್ಪ’ ಎಂದಳು ಮಗಳು ಮೆಲ್ಲಗೆ. ‘ಹಿಮ್ಮಡಿ.’

ಅವನು ಹಿಮ್ಮಡಿ ಇಳಿಸಿದ. ಭೂಮಿ ಬಾಯಿಬಿಟ್ಟಿದ್ದರೆ ಇಳಿದೇ ಹೋಗುತ್ತಿದ್ದ. ಆದರೆ ನಾಚಿಕೆ ಮುಖಕ್ಕೆ ಏರುತ್ತಿರುವಾಗಲೇ ಇನ್ನೊಂದು ಮಾತು ಹೊಳೆಯಿತು. ಈ ಅಂಕಿ ಇಳಿದರೆ ಯಾರ ಜಾಗ ಹೋಗುತ್ತದೆ ಎಂದು ಈ ಹುಡುಗಿಗೆ ಗೊತ್ತಿದೆ. ಗೊತ್ತಿದ್ದೇ ಹೇಳಿದಳು. ತನ್ನ ಮಗಳು. ನೇರ ನೋಡಲು ಹೇಳಿದ್ದರೂ ಕಣ್ಣು ಮಂಜಾಯಿತು.

‘ನೂರ ಅರವತ್ತೆರಡು ಪಾಯಿಂಟ್ ಮೂರು’ ಎಂದಳು ಮೇಡಂ.

‘ನೂರ ಅರವತ್ತೆರಡು ಪಾಯಿಂಟ್ ಮೂರು’ ಎಂದಳು ಗುಮಾಸ್ತೆ. ಎರಡನೆಯ ಸಲವೂ ಅದೇ ಬಂತು. ಗುಮಾಸ್ತೆ ಹಳೆಯ ಅರ್ಜಿಯನ್ನು ಮುಂದೆಳೆದು, ಕನ್ನಡಕ ಏರಿಸಿ, ‘ಇದ್ರಲ್ಲಿ ನೂರ ಎಪ್ಪತ್ತು ಅಂತಿದೆ? ಎಂಟು ಸೆಂಟಿಮೀಟರ್ ಎಲ್ಲಿ ಹೋಯ್ತು ಸಾರ್?’ ಎಂದಳು. ಬಾಗಿಲಲ್ಲಿ ನಿಂತವರು ನಕ್ಕರು.

‘ಅದು ನನ್ನ ಅಕ್ಷರ ಮೇಡಂ’ ಎಂದಳು ಮಗಳು. ‘ನಾನೇ ತಪ್ಪಾಗಿ ಬರೆದಿದ್ದು. ಆಗ ಚಿಕ್ಕವಳಿದ್ದೆ.’

ಅವಳು ನೆಟ್ಟಗೆ ನಿಂತು, ಕಣ್ಣು ಮಿಟುಕಿಸದೆ ಹೇಳಿದಳು. ಒಂದೇ ನಿಮಿಷದ ಹಿಂದೆ ಅಪ್ಪನ ಒಂದು ಬೆರಳಿನ ಸುಳ್ಳನ್ನು ಬಿಡದವಳು, ಈಗ ಅಪ್ಪನ ಇಡೀ ಸುಳ್ಳನ್ನು ತನ್ನ ತಲೆಗೆ ಕಟ್ಟಿಕೊಳ್ಳುತ್ತಿದ್ದಳು. ಸುಮ್ಮನಿದ್ದುಬಿಟ್ಟರೆ ಮುಗಿದೇ ಹೋಗುತ್ತಿತ್ತು. ಮಕ್ಕಳ ತಪ್ಪು, ಯಾರೂ ಮನಸ್ಸಿಗೆ ಹಾಕಿಕೊಳ್ಳುವುದಿಲ್ಲ. ಟೈಲರ್ ಬಾಗಿಲ ಕಡೆ ತಿರುಗಿದ, ಏಕೆಂದರೆ ಹೇಳುವುದಾದರೆ ನಕ್ಕವರಿಗೇ ಹೇಳಬೇಕು ಎನ್ನಿಸಿತು.

‘ಅಕ್ಷರ ಅವಳ್ದು, ಮಾತು ನಂದು’ ಎಂದ. ಧ್ವನಿ ಬೇಕಾದದ್ದಕ್ಕಿಂತ ಗಟ್ಟಿಯಾಯಿತು. ‘ನಾನೇ ಹೇಳಿ ಬರೆಸ್ದೆ. ಗಿಡ್ಡ ಅಂತ ಬರೆಸೋಕೆ ನಾಚಿಕೆ ಆಯ್ತು, ಅದಕ್ಕೆ. ಮಗುದೇನೂ ತಪ್ಪಿಲ್ಲ. ನಾನು ಟೈಲರು ಮೇಡಂ, ಅಳತೆ ಗೊತ್ತಿಲ್ದೆ ಹೇಳಿದ್ದಲ್ಲ.’

ಯಾರೂ ನಗಲಿಲ್ಲ. ಫೈರ್ ಇಂಜಿನ್ನಿನವನು ತನ್ನ ಕಾಲುಚೀಲವನ್ನೇ ನೋಡುತ್ತಾ ನಿಂತ. ಮೇಡಂ ಮಗಳನ್ನೂ ಬೂಟು ಬಿಚ್ಚಿಸಿ ಅಳತೆಪಟ್ಟಿಗೆ ನಿಲ್ಲಿಸಿ ಅಳೆದಳು, ತೂಕ ನೋಡಿದಳು, ಕಂಪ್ಯೂಟರಿಗೆ ಎಲ್ಲವನ್ನೂ ಹಾಕಿ ಕಾದಳು. ‘ಈಗ ನೂರ ಅರವತ್ತನಾಲ್ಕು ಇದೀಯಮ್ಮ. ಪೂರ್ತಿ ಬೆಳೆದ್ರೆ ನೂರ ಅರವತ್ತಾರು, ಅದೂ ಜಾಸ್ತಿನೇ ಹೇಳ್ದೆ. ನಿನ್ನ ಮೈ ಬೆಳೆಯೋದನ್ನ ಹೆಚ್ಚುಕಮ್ಮಿ ಮುಗಿಸಿದೆ. ಹಿಂದಿನ ಲೆಕ್ಕದಲ್ಲಿ ಇನ್ನೂ ಬೆಳೆಯೋಳು ಅಂತ ಬಂದಿತ್ತು, ಅದು ತಪ್ಪು ಲೆಕ್ಕ’ ಎಂದಳು. ಆಮೇಲೆ ದನಿ ತಗ್ಗಿಸಿ, ‘ಗೆರೆ ನೂರ ಅರವತ್ತೆಂಟು, ಗೊತ್ತಲ್ಲ’ ಎಂದು ಸೇರಿಸಿದಳು.

‘ತಪ್ಪು ಲೆಕ್ಕಾನಾ?’ ಎಂದಳು ಮಗಳು. ಅವಳ ಮುಖ ಮೇಡಂ ಕಡೆಯಿಂದ ಅಪ್ಪನ ಕಡೆಗೆ ನಿಧಾನವಾಗಿ ತಿರುಗಿತು. ‘ಅಪ್ಪ, ನಾನು ಎರಡು ವರ್ಷದಿಂದ ನಾನೇ ಏನೋ ತಪ್ಪು ಮಾಡ್ತಿದೀನಿ ಅಂದ್ಕೊಂಡಿದ್ದೆ. ಸರಿಯಾಗಿ ನಿದ್ದೆ ಮಾಡ್ತಿಲ್ಲ, ಸರಿಯಾಗಿ ತಿಂತಿಲ್ಲ, ಅದಕ್ಕೇ ಬರಬೇಕಾದ್ದು ಬರ್ತಿಲ್ಲ ಅಂತ. ದಿನಾ ನನ್ನನ್ನೇ ನಾನು ಬೈಕೊಳ್ತಿದ್ದೆ.’

ಜನರೆದುರು ಗಟ್ಟಿಯಾಗಿ ಒಪ್ಪಿಕೊಂಡದ್ದು ಎಷ್ಟು ಸುಲಭದ ಕೆಲಸವಾಗಿತ್ತು ಎಂದು ಅವನಿಗೆ ಈಗ ತಿಳಿಯಿತು. ಎಂಟು ಸೆಂಟಿಮೀಟರು ತನ್ನ ಜಂಬ, ಅದನ್ನು ತಾನು ಹೊತ್ತಿದ್ದೇನೆ ಎಂದುಕೊಂಡಿದ್ದ; ಹೊತ್ತವಳು ಇವಳು. ಹನ್ನೆರಡರಿಂದ ಹದಿನಾಲ್ಕರವರೆಗೆ, ಮೈಗೆ ಮೈಯೇ ಹಬ್ಬವಾಗಬೇಕಾದ ಎರಡು ವರ್ಷ, ಇವಳು ತನ್ನ ಮೈಯನ್ನು ಸೋಮಾರಿ ಎಂದು ಬೈಯುತ್ತಾ ಕಳೆದಿದ್ದಳು. ‘ತಪ್ಪಾಯ್ತು ಕಣೆ’ ಎಂದ. ಬಾಯಿಂದ ಬಂತೋ ಇಲ್ಲವೋ ಅವನಿಗೇ ಗೊತ್ತಾಗಲಿಲ್ಲ. ಅವಳು ಕೇಳಿಸಿಕೊಂಡಳೋ ಏನೋ, ಕೆಳಗೆ ಬಾಗಿ ತನ್ನ ಬೂಟಿನ ಲೇಸು ಬಿಗಿಯುತ್ತಿದ್ದಳು. ಬಿಗಿಯುತ್ತಾ ಬಿಗಿಯುತ್ತಾ ಅವಳ ಹೆಗಲು ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡ. ಅವಳು ತಲೆ ಎತ್ತಿದಾಗ ಕಣ್ಣು ಒದ್ದೆಯೇ ಇತ್ತು, ಆದರೆ ಮುಖ ಒಂಥರ ಹಗುರವಾಗಿತ್ತು. ‘ಇಷ್ಟೇನಾ ಹಾಗಾದ್ರೆ ನಾನು’ ಎಂದಳು, ‘ಸರಿ.’ ಎದ್ದು ನೇರ ಒಳಾಂಗಣದ ವಾಲಿಬಾಲ್ ಕೋರ್ಟಿಗೆ ನಡೆದಳು.

ಇವನು ಬೂಟು ಹಾಕಿಕೊಳ್ಳುವುದನ್ನೂ ಮರೆತು ಹಿಂದೆ ಓಡಿದ. ದೊಡ್ಡ ಸೀಟಿ ಆಗಲೇ ಗುಮಾಸ್ತೆ ಕಳಿಸಿದ ಚೀಟಿ ಓದುತ್ತಿದ್ದರು. ‘ಏನ್ ಮಾಡ್ಲಿ ಮರಿ, ನಿಯಮ’ ಎಂದರು, ‘ಸ್ಮ್ಯಾಷ್ ಪಟ್ಟಿಯಿಂದ ತೆಗೀಲೇಬೇಕು.’

‘ತೆಗೀರಿ ಸರ್’ ಎಂದಳು ಮಗಳು. ‘ಹಿಂದಿನ ಸಾಲಲ್ಲಿ ಬಾಲ್ ಎತ್ತೋರಿಗೆ ಎತ್ತರದ ಗೆರೆ ಇಲ್ವಲ್ಲ. ಹೋದ ವರ್ಷವೇ ಕೇಳಿದ್ದೆ, ನೀವು ಕಾಯಿ ಅಂದ್ರಿ. ಇನ್ನು ಕಾಯೋದೇನೂ ಉಳಿದಿಲ್ಲ ಸರ್. ಈಗ್ಲೇ ನೋಡಿ.’

ಅವರು ಒಂದು ಗಳಿಗೆ ಅವಳನ್ನು ಮೇಲಿಂದ ಕೆಳಗೆ ನೋಡಿ, ಸೀಟಿಯನ್ನು ಬಾಯಿಗಿಟ್ಟು, ಉದ್ದನೆಯ ಹುಡುಗಿಯರನ್ನು ನೆಟ್ಟಿನ ಆಚೆ ನಿಲ್ಲಿಸಿದರು. ‘ಇಪ್ಪತ್ತು ಬಾಲು. ಯಾರೂ ಮುಲಾಜು ನೋಡ್ಬೇಡಿ’ ಎಂದರು. ಮೊದಲನೆಯದೇ ಫೈರ್ ಇಂಜಿನ್ನಿನವನ ಮಗಳು ಹೊಡೆದದ್ದು, ಗುಂಡಿನಂತೆ ಬಂತು, ಇವಳ ಮೊಣಕೈಗೆ ಬಡಿದು ಗೋಡೆಗೆ ಹಾರಿತು. ಎರಡನೆಯದೂ ಹೋಯಿತು. ಬಾಗಿಲಲ್ಲಿ ಟೈಲರ್ ಬರಿಯ ಕಾಲುಚೀಲದಲ್ಲಿ ನಿಂತು, ಕೈ ಎಲ್ಲಿಡಬೇಕೆಂದು ತಿಳಿಯದೆ, ಅಭ್ಯಾಸದಂತೆ ಇವತ್ತೂ ಕೊರಳಿಗೆ ಹಾಕಿಕೊಂಡು ಬಂದಿದ್ದ ಟೇಪನ್ನು ಹಿಡಿದುಕೊಂಡ. ಮೂರನೆಯದಕ್ಕೆ ಅವಳು ಮಂಡಿ ಬಗ್ಗಿಸಿ ಇನ್ನೂ ತಗ್ಗಿದಳು. ಎರಡು ವರ್ಷ ಮೇಲಕ್ಕೆ ಚಾಚಿ ಚಾಚಿ ಸೋತ ಮೈ ಇಷ್ಟು ಕೆಳಗೆ ಇಳಿಯಬಲ್ಲದು ಎಂದು ಅವನಿಗೂ ಗೊತ್ತಿರಲಿಲ್ಲ. ಚೆಂಡು ನೆಲ ಮುಟ್ಟುವ ಮೊದಲೇ ಅವಳ ಜೋಡಿಸಿದ ಕೈ ಅಲ್ಲಿತ್ತು. ಚೆಂಡು ಮೆತ್ತಗೆ ಮೇಲೆದ್ದಿತು. ನಾಲ್ಕನೆಯದಕ್ಕೆ ಅಡ್ಡ ಜಿಗಿದು ಹೊಟ್ಟೆಯ ಮೇಲೆ ಜಾರಿದಳು, ಚೆಂಡು ಎದ್ದಿತು. ತೊಡೆ ಅಗಲವಾದದ್ದು ಇದಕ್ಕೆ, ಹೆಗಲು ದಪ್ಪವಾದದ್ದು ಇದಕ್ಕೆ. ಯಾರೂ ಕೇಳದಿದ್ದರೂ ಮೈ ತನಗೆ ಬೇಕಾದ್ದನ್ನು ತಾನೇ ಕೂಡಿಟ್ಟುಕೊಂಡಿತ್ತು. ಅವನು ಬಾಯಲ್ಲೇ ಎಣಿಸುತ್ತಿದ್ದ. ಹದಿನಾರು ಎತ್ತಿದಳು. ದೊಡ್ಡ ಸೀಟಿ ಬಾಯಿಂದ ಸೀಟಿ ತೆಗೆದು, ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ‘ನಾಳೆ ಬೆಳಿಗ್ಗೆ ಆರಕ್ಕೆ ಬಾ, ಹಿಂದಿನ ಸಾಲಿಗೆ. ಒಂದು ತಿಂಗಳು ನೋಡ್ತೀನಿ’ ಎಂದರು. ಒಂದು ತಿಂಗಳಾದರೆ ಒಂದು ತಿಂಗಳು. ಮಗಳು ಉಸಿರು ಬಿಡುತ್ತಾ, ಕೆಂಪಾದ ಕೈಗಳನ್ನು ಚಡ್ಡಿಗೆ ಒರೆಸಿಕೊಳ್ಳುತ್ತಾ, ಸಾಲಿನಲ್ಲಿ ತನ್ನ ಜಾಗಕ್ಕೆ ಹೋಗಿ ನಿಂತಳು.

ಅಷ್ಟರಲ್ಲಿ ತಡವಾಗಿ ಬಂದ ಹೆಂಗಸೊಬ್ಬಳು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಅಳತೆ ಎಲ್ಲಿ ನಡೆಯುತ್ತಿದೆ ಎಂದು ಕೇಳಲು ಬಂದವಳು, ಕೋರ್ಟಿನ ಕಡೆ ಇಣುಕಿ ನಿಂತಳು. ‘ಅಬ್ಬಾ, ಒಬ್ಬೊಬ್ರು ಏನ್ ಎತ್ತರ ಇದಾರ್ರೀ’ ಎಂದಳು. ‘ಇದ್ರಲ್ಲಿ ನಿಮ್ಮ ಮಗಳು ಯಾರು?’

‘ಎಲ್ರಿಗಿಂತ ಗಿಡ್ಡ ಇದಾಳಲ್ಲ’ ಎಂದ ಟೈಲರ್, ‘ಅವಳು.’